ಜಾರುಬಾಗಿಲಿನ ಲೆಕ್ಕ

"ಮನೇಲಿ ಯಜಮಾನ್ರು ಇಲ್ವಾ ಅಮ್ಮ?"

ನಮ್ಮ ಹಿತ್ತಲ ಬಾಗಿಲು ನೋಡಲು ಬಂದ ಅಂಗಡಿಯವನು ಕೇಳಿದ ಮೊದಲ ಪ್ರಶ್ನೆ ಇದು. ಬಾಗಿಲಿಗೆ ಏನಾಗಿದೆ ಎಂದು ಕೇಳಲಿಲ್ಲ, ಎಷ್ಟು ದಿನದಿಂದ ಹೀಗೆ ಎಂದೂ ಕೇಳಲಿಲ್ಲ. ಆ ಬಾಗಿಲನ್ನು ದಿನಕ್ಕೆ ನಲವತ್ತು ಸಲ ತೆಗೆದು ಹಾಕುವವಳು ನಾನು. ಬೆಳಗಿನ ಮುಸುರೆ ಪಾತ್ರೆಯಿಂದ ಹಿಡಿದು ಸಂಜೆ ಒಣಗಿದ ಬಟ್ಟೆ ಒಳಗೆ ತರುವ ತನಕ ನನ್ನ ಓಡಾಟವೆಲ್ಲ ಅದರಲ್ಲೇ. ನಮ್ಮ ಮನೆಯವರು ಅದನ್ನು ದಾಟುವುದು ಭಾನುವಾರ ತೆಂಗಿನಕಾಯಿ ಸುಲಿಯುವುದಕ್ಕೆ ಮಾತ್ರ.

"ಅವರು ಹೊರಗೆ ಹೋಗಿದ್ದಾರೆ, ನನಗೇ ಹೇಳಿ" ಎಂದೆ. ಅವನು ಬಾಗಿಲನ್ನು ಒಮ್ಮೆ ಎಳೆದ. ಅದು ಕಿರ್ರೆಂದು ಅರ್ಧಕ್ಕೆ ನಿಂತಿತು. ಲೊಚಗುಟ್ಟಿದ. "ಇದರ ಲೈಫ್ ಮುಗೀತು ಮೇಡಂ. ಪೂರ್ತಿ ಬದಲಾಯಿಸಬೇಕು. ಸಾರ್ ಬಂದ ಮೇಲೆ ಫೋನ್ ಮಾಡಿಸಿ, ರೇಟು ಹೇಳ್ತೀನಿ" ಅಂದ.

ಇಪ್ಪತ್ತೆಂಟು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ನನ್ನ ಸಂಬಳದ ದುಡ್ಡಿನಲ್ಲೇ ಆ ಬಾಗಿಲನ್ನು ಹಾಕಿಸಿದ್ದು. ಆದರೂ ಅದರ ರೇಟು ಕೇಳುವ ಯೋಗ್ಯತೆ ನನಗಿಲ್ಲವೆಂಬುದು ಅಂದು ತಿಳಿಯಿತು.

2012ರಲ್ಲಿ ನಮ್ಮ ಶಿವಮೊಗ್ಗದ ಮನೆಯನ್ನು ರಿಪೇರಿ ಮಾಡಿಸಿದೆವು. ಅಲ್ಲಿಯವರೆಗೆ ಹಿತ್ತಲಿಗಿದ್ದದ್ದು ಹಲಸಿನ ಮರದ ಬಾಗಿಲು. ಮಳೆಗಾಲ ಬಂತೆಂದರೆ ಊದಿಕೊಳ್ಳುತ್ತಿತ್ತು. ಆಚಾರ್ರು ಬಂದು ಅಂಚನ್ನು ಎರಡು ಸಲ ಉಜ್ಜಿ, ತಿರುಗಣಿಗೆ ಎಣ್ಣೆ ಬಿಟ್ಟು, ಕಾಫಿ ಕುಡಿದು, ಕೊಟ್ಟಷ್ಟು ತೆಗೆದುಕೊಂಡು ಹೋಗುತ್ತಿದ್ದರು. ಬಾಗಿಲಿನ ಲೈಫ್ ಮುಗಿಯಿತೆಂದು ಅವರು ಒಂದು ದಿನವೂ ಹೇಳಲಿಲ್ಲ. ಮಗ, ಇಂಜಿನಿಯರು, ಗುತ್ತಿಗೆದಾರ ಎಲ್ಲರೂ ಸೇರಿ "ಗಾಜಿನ ಸ್ಲೈಡಿಂಗ್ ಬಾಗಿಲು ಹಾಕಿಸಿ, ಬೆಳಕು ಬರುತ್ತೆ" ಅಂದರು. ಬೆಳಕು ಬಂತು, ಸುಳ್ಳು ಹೇಳಬಾರದು. ಹಗಲಲ್ಲಿ ದೀಪ ಹಾಕದೆ ಅಕ್ಕಿ ಆರಿಸಿದ್ದು ನಾನು ಆ ವರ್ಷವೇ ಮೊದಲು. ನಮ್ಮ ಅತ್ತೆಯವರು ಮಾತ್ರ, "ಇದಕ್ಕೆ ಹೊಸ್ತಿಲೇ ಇಲ್ಲವಲ್ಲೇ, ಎರಡೆಳೆ ರಂಗೋಲಿ ಎಲ್ಲಿ ಹಾಕೋದು?" ಎಂದು ಹೋಗುವ ತನಕ ಗೊಣಗುತ್ತಿದ್ದರು.

ಹೊಸ್ತಿಲಿನ ಜಾಗದಲ್ಲಿ ಇದ್ದದ್ದು ಅಲ್ಯೂಮಿನಿಯಂ ಹಳಿ. ಅಷ್ಟು ದೊಡ್ಡ ಗಾಜಿನ ಭಾರವನ್ನು ಹೊರುವುದು ಒಂದೊಂದು ಬಾಗಿಲಿನ ಅಡಿಯಲ್ಲಿ ಅಡಗಿರುವ ಎರಡೆರಡು ಸಣ್ಣ ಗಾಲಿಗಳು. ಮಳೆನೀರು ಹಳಿಯಲ್ಲಿ ನಿಲ್ಲದೆ ಹೊರಗೆ ಹೋಗಲೆಂದು ಚೌಕಟ್ಟಿನಲ್ಲಿ ಸಣ್ಣ ತೂತುಗಳಿರುತ್ತವೆ. ಇದನ್ನು ಬಾಗಿಲು ಕೂರಿಸಿದವರು ನನಗೆ ಹೇಳಲಿಲ್ಲ, ಯಜಮಾನರಿಗೆ ಹೇಳಿದ್ದರೋ ಏನೋ. ನಾನು ಹನ್ನೆರಡು ವರ್ಷ ದಿನಾ ಬೆಳಿಗ್ಗೆ ನೆಲ ತೊಳೆದ ನೀರನ್ನು, ಕಸ ಕೂದಲು ಸಮೇತ, ಅದೇ ಹಳಿಯ ಮೇಲಿಂದ ಹೊರಗೆ ತಳ್ಳಿದೆ. ತೂತು ಮುಚ್ಚಿತು, ನೀರು ನಿಂತಿತು, ಗಾಲಿ ತುಕ್ಕು ಹಿಡಿಯಿತು. 2024ರ ಜುಲೈ ಮಳೆಗೆ ಬಾಗಿಲು ಅಲ್ಲಾಡದೆ ಕೂತಿತು. ತಪ್ಪು ನನ್ನದೂ ಇದೆ.

ಆದರೆ ಈ ಲೇಖನ ಬರೆಯುವುದಕ್ಕೆ ಕಾರಣ ನನ್ನ ಬಾಗಿಲಲ್ಲ.

ಪಕ್ಕದ ರಸ್ತೆಯಲ್ಲಿ ಒಬ್ಬರಿದ್ದಾರೆ. ನನಗಿಂತ ಹನ್ನೆರಡು ವರ್ಷ ದೊಡ್ಡವರು, ನಾನು ಅಕ್ಕ ಅನ್ನುತ್ತೇನೆ. ಗಂಡ ಇಲ್ಲ. ಮಗ ಬೆಂಗಳೂರಿನಲ್ಲಿದ್ದುಕೊಂಡೇ ಕಟ್ಟಿಸಿದ ಮನೆ, ಅದಕ್ಕೂ ಇಂಥದೇ ಬಾಗಿಲು. ಅದೇ ವರ್ಷ ಯುಗಾದಿ ಕಳೆದ ಮೇಲೆ ಅವರ ಬಾಗಿಲು ಕೆಟ್ಟಿತು. "ಯಾರನ್ನ ಕರೆಸಲಿ ಟೀಚರ್ರೇ?" ಎಂದು ನನ್ನನ್ನು ಕೇಳಿದರು. ನಾನೇ ಈ ಅಂಗಡಿಯ ನಂಬರು ಕೊಟ್ಟೆ. ಒಳ್ಳೆಯವರು, ಮಾತು ಮೃದು ಎಂದು ಬೇರೆ ಸೇರಿಸಿದೆ. ಪೂರ್ತಿ ಬದಲಾಯಿಸಬೇಕೆಂದರು, ಅಕ್ಕ ತಲೆ ಆಡಿಸಿದರು, ಎರಡು ದಿನದಲ್ಲಿ ಹೊಸ ಬಾಗಿಲು ಬಂತು. ಎರಡನೇ ಕಣ್ಣಿನ ಪೊರೆ ತೆಗೆಸಲು ಪೋಸ್ಟಾಫೀಸಿನಲ್ಲಿ ಕೂಡಿಟ್ಟಿದ್ದ ದುಡ್ಡು ಅದಕ್ಕೆ ಹೋಯಿತು. ಮಗನನ್ನು ಕೇಳುವುದು ಅವರಿಗೆ ಸಂಕೋಚ. "ಒಂದು ಕಣ್ಣು ಕಾಣಿಸುತ್ತಲ್ಲ, ಮುಂದಿನ ವರ್ಷ ನೋಡೋಣ" ಅಂದರು.

ನನ್ನ ಬಾಗಿಲು ನಿಂತ ದಿನ ನಮ್ಮ ಮನೆಯವರು ಫೋನ್ ಮಾಡಿ ರೇಟು ಕೇಳಿದರು. ನಾನು ಪಕ್ಕದಲ್ಲಿ ಕೂತು ಸ್ಪೀಕರ್ ಹಾಕಿಸಿ ಹಾಳೆಯ ಮೇಲೆ ಬರೆದುಕೊಂಡೆ. ಯುಪಿವಿಸಿ ಬಾಗಿಲು, ಚದರ ಅಡಿಗೆ 850 ರೂಪಾಯಿ. ಆರಡಿ ಅಗಲ ಏಳಡಿ ಎತ್ತರ, 42 ಚದರ ಅಡಿ, 35,700. ಅದರ ಮೇಲೆ ಶೇಕಡ 18 ಜಿಎಸ್‌ಟಿ, 6,426. ಹಳೆಯದನ್ನು ಕೀಳಲು 2,500. ಗಾರೆ ಮತ್ತು ಬಣ್ಣಕ್ಕೆ 3,500. ಒಟ್ಟು 48,126 ರೂಪಾಯಿ.

"ಹೋಗ್ಲಿ ಬಿಡು, ಹಾಕ್ಸಿಬಿಡೋಣ, ಯಾಕೆ ತಲೆನೋವು" ಅಂದರು ಇವರು. ಗಂಡಸರ ಲೆಕ್ಕ ಹಲವು ಸಲ ಇಷ್ಟೇ. ನೆಮ್ಮದಿಗೆ ಎಷ್ಟು ಕೊಟ್ಟರೂ ಅವರಿಗೆ ಅಗ್ಗ.

ನಾನು ಸಮಾಜ ವಿಜ್ಞಾನದ ಟೀಚರು, ಗಣಿತದವಳಲ್ಲ. ಆದರೂ ಟೇಪು ಹಿಡಿದೆ. ಬಾಗಿಲಿನ ಅಗಲ 5 ಅಡಿ 8 ಅಂಗುಲ, ಎತ್ತರ 6 ಅಡಿ 8 ಅಂಗುಲ. ಅಂದರೆ 38 ಚದರ ಅಡಿಗೂ ಸ್ವಲ್ಪ ಕಡಿಮೆ. ಉಳಿದ ನಾಲ್ಕು ಚದರ ಅಡಿ ಎಲ್ಲಿದೆ? ನನ್ನ ಗೋಡೆಯಲ್ಲಂತೂ ಇಲ್ಲ. ಇಲ್ಲದ ಬಾಗಿಲಿಗೆ ಮೂರೂವರೆ ಸಾವಿರ! ಕೇಳಿದರೆ "ಅಡಿ ಲೆಕ್ಕದಲ್ಲೇ ಹಿಡಿಯೋದು ಮೇಡಂ, ಎಲ್ಲ ಕಡೆ ಹೀಗೇ" ಎಂಬ ಉತ್ತರ. ಹಳೆಯ ಚೌಕಟ್ಟು ಏನಾಗುತ್ತದೆ ಎಂದೆ. "ನಾವೇ ತಗೊಂಡು ಹೋಗ್ತೀವಿ, ನಿಮಗೆ ತೊಂದ್ರೆ ಬೇಡ." ಅಲ್ಯೂಮಿನಿಯಂ ಗುಜರಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ದುಡ್ಡು ತರುವ ಸಾಮಾನು. ಅದನ್ನು ಒಯ್ಯುವುದಕ್ಕೆ ನಾನೇ ಅವನಿಗೆ 2,500 ಕೊಡಬೇಕು! ಕೊನೆಗೆ ದೊಡ್ಡ ಉಪಕಾರ ಮಾಡುವವನ ಹಾಗೆ, "ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಬಿಟ್ಬಿಡ್ತೀನಿ" ಅಂದ. ನಾಳೆ ಬಾಗಿಲು ಕೆಟ್ಟರೆ ಅದನ್ನು ಹಾಕಿದವನು ಅವನೇ ಎನ್ನುವುದಕ್ಕೆ ಚೂರು ಕಾಗದವೂ ಇಲ್ಲದ ಹಾಗೆ ಮಾಡುವುದಕ್ಕೆ ಇದೊಂದು ಬೆಲ್ಲ.

ಸೊಪ್ಪು ಮಾರುವವಳು ಬುಟ್ಟಿ ಇಳಿಸಿದರೆ ಐದು ರೂಪಾಯಿಗೆ ಅರ್ಧ ಗಂಟೆ ಜಗಳ ಆಡುವವರು ನಾವು. ಕಟ್ಟು ಬಿಚ್ಚಿ ಕಡ್ಡಿ ಎಣಿಸುತ್ತೇವೆ. ಅದೇ ನಾವು ಇಸ್ತ್ರಿ ಅಂಗಿ ಹಾಕಿಕೊಂಡವನು ಅರ್ಧ ಲಕ್ಷ ಹೇಳಿದರೆ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಕಾಫಿಗೆ ಇಡುತ್ತೇವೆ. ಇದು ನಮಗೆ ಗೊತ್ತಾಗುವ ವಿಷಯವಲ್ಲ ಎಂದು ಯಾರೋ ಹೇಳಿದರು, ನಾವು ನಂಬಿದೆವು. ಟೇಪಿನ ಮೇಲಿನ ಅಂಕಿ ಹೆಂಗಸಿಗೆ ಬೇರೆ, ಗಂಡಸಿಗೆ ಬೇರೆ ಕಾಣಿಸುತ್ತದೆಯೇ, ನೀವೇ ಹೇಳಿ.

ನಾನು ಹೊಸ ಬಾಗಿಲು ಹಾಕಿಸಲಿಲ್ಲ. ಶಾಲೆಯಲ್ಲಿ ಕಿಟಕಿ ಸರಿಮಾಡಲು ಬಂದಿದ್ದ ಅಲ್ಯೂಮಿನಿಯಂ ಕೆಲಸದವರೊಬ್ಬರನ್ನು ಕರೆಸಿದೆ. ಅವರು ಮತ್ತು ಅವರ ಅಳಿಯ ಸೇರಿ ಬಾಗಿಲನ್ನು ಮೇಲಕ್ಕೆತ್ತಿ ಹಳಿಯಿಂದ ಬಿಡಿಸಿದರು. ಅಡಿಯ ಗಾಲಿ ನೋಡಿದರೆ ತುಕ್ಕಿನ ಉಂಡೆ. ನಾಲ್ಕು ಹೊಸ ಗಾಲಿ, ಒಂದಕ್ಕೆ 220ರಂತೆ 880. ಅಂಚಿನ ಬ್ರಷ್ ಪಟ್ಟಿಗೆ 300. ಇಬ್ಬರ ಕೂಲಿ 1,200. ತೂತುಗಳನ್ನು ತಂತಿಯಿಂದ ಬಿಡಿಸಿ, ಚೊಂಬು ನೀರು ಹಾಕಿ ಹೊರಗೆ ಹರಿಯುವುದನ್ನು ನನ್ನನ್ನೇ ಕರೆದು ತೋರಿಸಿದರು. "ತಿಂಗಳಿಗೊಂದು ಸಲ ಹಳೇ ಟೂತ್ ಬ್ರಷ್‌ನಲ್ಲಿ ಉಜ್ಜಿ ಅಮ್ಮ, ಸಾಕು" ಅಂದರು. ಒಟ್ಟು 2,380 ರೂಪಾಯಿ. ಮಧ್ಯಾಹ್ನದ ಊಟದ ಹೊತ್ತಿಗೆ ಬಾಗಿಲು ಒಂದು ಬೆರಳಿಗೆ ಸರಿಯುತ್ತಿತ್ತು.

ಅಂಗಡಿಯವನ ಪರವಾಗಿಯೂ ಒಂದು ಮಾತು ಹೇಳಬೇಕು. ಅವನಿಗೆ ಬಾಡಿಗೆ ಇದೆ, ಹುಡುಗರ ಸಂಬಳ ಇದೆ. ಎರಡು ಸಾವಿರದ ಕೆಲಸಕ್ಕೆ ಇಬ್ಬರನ್ನು ಕಳಿಸಿದರೆ ಪೂರೈಸದಿರಬಹುದು. ಹಾಗಿದ್ದರೆ "ರಿಪೇರಿ ನಾವು ಮಾಡಲ್ಲ" ಎಂದು ಹೇಳಲಿ. ಚೆನ್ನಾಗಿರುವ ಚೌಕಟ್ಟಿಗೆ ಲೈಫ್ ಮುಗಿಯಿತೆಂದು ಹೇಳುವುದಕ್ಕೆ ಬಾಡಿಗೆ ಕಾರಣವಾಗುವುದಿಲ್ಲ. ನಿಜವಾಗಿ ಬದಲಾಯಿಸಲೇಬೇಕಾದ ಬಾಗಿಲುಗಳೂ ಇವೆ. ಚೌಕಟ್ಟು ಬಾಗಿದ್ದರೆ, ಹಳಿ ಸವೆದು ಸೀಳಿದ್ದರೆ ಗಾಲಿ ಹಾಕಿ ಪ್ರಯೋಜನವಿಲ್ಲ. ಗಾಜಿನಲ್ಲಂತೂ ದಯವಿಟ್ಟು ಉಳಿತಾಯ ಮಾಡಬೇಡಿ. ಮಾಮೂಲಿ ಗಾಜು ಒಡೆದರೆ ಕತ್ತಿಯಂಥ ಚೂರು. ಟಫನ್ಡ್ ಗಾಜು ಒಡೆದರೆ ಪುಡಿಪುಡಿ ಕಾಳಾಗುತ್ತದೆ, ಓಡಾಡುವ ಮಗುವಿನ ಜೀವ ಉಳಿಯುತ್ತದೆ. ಅದನ್ನು 600 ಡಿಗ್ರಿಗೂ ಮೇಲೆ ಕಾಯಿಸಿ ಗಾಳಿಯಲ್ಲಿ ಥಟ್ಟನೆ ತಣಿಸುತ್ತಾರೆ. ಆಮೇಲೆ ಅದನ್ನು ಕತ್ತರಿಸಲು ಬರುವುದಿಲ್ಲ. ಆದ್ದರಿಂದ ಅಳತೆ ತಪ್ಪಿದರೆ ಆ ಗಾಜು ದಂಡ. ಆ ದಂಡ ಯಾರದು ಎಂಬುದನ್ನು ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ.

ಕಾನೂನಿನಲ್ಲಿ ದಾರಿ ಇಲ್ಲದೆ ಇಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ, ಬಿಲ್ಲು ಕೊಡದಿರುವುದನ್ನೇ ಅನುಚಿತ ವ್ಯಾಪಾರ ಪದ್ಧತಿ ಎಂದು ಹೆಸರಿಸಿದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಆಯೋಗದಲ್ಲಿ ದೂರು ಕೊಡಲು ಶುಲ್ಕವಿಲ್ಲ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿಗೆಂದೇ ಒಂದು ಪೋರ್ಟಲ್ ಆರಂಭಿಸಿತು. ಮೊಬೈಲು, ವಾಹನ, ಮನೆಬಳಕೆಯ ಯಂತ್ರ, ಕೃಷಿ ಉಪಕರಣ ಇವುಗಳ ಬಿಡಿಭಾಗ ಸಿಗಬೇಕು, ರಿಪೇರಿ ಆಗಬೇಕು ಎಂಬುದು ಅದರ ಉದ್ದೇಶ. ಹಿತ್ತಲ ಬಾಗಿಲು ಆ ಪಟ್ಟಿಯಲ್ಲಿಲ್ಲ. ಪಟ್ಟಿ ಮಾಡಿದವರಲ್ಲಿ ಹಿತ್ತಲ ಬಾಗಿಲು ಬಳಸುವವರು ಎಷ್ಟು ಜನ ಇದ್ದರೋ!

ಬಾಗಿಲು ಸರಿಯಾದ ವಾರದಲ್ಲಿ ಅಕ್ಕ ಮಜ್ಜಿಗೆಗೆ ಹೆಪ್ಪು ಕೇಳಿಕೊಂಡು ಬಂದರು. ಹಿತ್ತಲ ಕಡೆ ಹೋಗುವಾಗ ಬಾಗಿಲು ಸರಿಸಿದರು. ಮತ್ತೆ ಒಂದು ಸಲ ಆಚೆ ಈಚೆ ಸರಿಸಿ ನೋಡಿದರು.

"ನಿಮ್ಮದು ಎಷ್ಟಾಯ್ತು?"

ಸುಳ್ಳು ಹೇಳೋಣವೇ ಎಂದು ಒಂದು ಕ್ಷಣ ಅನ್ನಿಸಿತು. ನಂಬರು ಕೊಟ್ಟವಳು ನಾನಲ್ಲವೇ? ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು. ಹೆಪ್ಪಿನ ಬಟ್ಟಲು ಮಡಿಲಲ್ಲೇ ಇತ್ತು. ಬಹಳ ಹೊತ್ತು ಬಿಟ್ಟು, "ಟೇಪು ಇದೆಯಾ ನಿಮ್ಮ ಹತ್ರ?" ಅಂದರು.

ಇಬ್ಬರೂ ಅವರ ಮನೆಗೆ ಹೋದೆವು. ಟೇಪಿನ ಒಂದು ತುದಿ ಅವರು ಹಿಡಿದರು. ಅಂಕಿ ಅವರಿಗೆ ಕಾಣಿಸದು, ನಾನು ಓದಿ ಬರೆದುಕೊಂಡೆ. ಅಲ್ಲೂ ನಾಲ್ಕು ಅಡಿಯ ಹತ್ತಿರ ಗಾಳಿ. ಅದೇ ಸಂಜೆ ಕಾಗದ ಬರೆದೆ: ಬಿಲ್ಲು ಕೊಡಿ, ಅಳತೆಯ ವ್ಯತ್ಯಾಸದ ಹಣ ಹಿಂದಿರುಗಿಸಿ, ಒಯ್ದ ಹಳೆಯ ಅಲ್ಯೂಮಿನಿಯಂನ ತೂಕ ಮತ್ತು ಬೆಲೆ ತಿಳಿಸಿ. ಕೆಳಗೆ ನನ್ನ ಸಹಿ ಹಾಕಲೇ ಎಂದೆ. "ಬೇಡ, ದುಡ್ಡು ನಂದು" ಎಂದು ಪೆನ್ನು ತೆಗೆದುಕೊಂಡು ಅವರೇ ಕಣ್ಣು ಕಿರಿದು ಮಾಡಿ ಸಹಿ ಹಾಕಿದರು. ಮಾರನೆಯ ದಿನ ಶಾಲೆಗೆ ಹೋಗುವಾಗ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಅವರಿಗೆ ತಲುಪಿಸಿ ಹೋದೆ.