ಹಿಟ್ಟಿನ ನೀರಿನ ಸಾಲ

'ಪಾಪ, ಅವನೂ ಅವಮಾನ ಉಂಡವನೇ' ಎಂಬ ಮಾತು ಕೇಳಿದರೆ ನನಗೀಗ ಸಿಟ್ಟು ಬರುತ್ತದೆ. ಕ್ರೌರ್ಯಕ್ಕೆ ನಾವು ಕೊಡುವ ಅತಿ ಅಗ್ಗದ ಜಾಮೀನು ಇದು.

ಮಹಾಭಾರತದ ದ್ರೋಣನ ಮನೆಯನ್ನೇ ನೋಡಿ. ಹಾಲಿಗೂ ಗತಿಯಿಲ್ಲದ ಬಡತನ. ಓರಗೆಯ ಹುಡುಗರು ಹಿಟ್ಟು ಕಲಸಿದ ನೀರು ಕೊಟ್ಟರೆ ಮಗು ಅಶ್ವತ್ಥಾಮ ಹಾಲೆಂದು ಕುಡಿದು ಕುಣಿದ; ಸುತ್ತಲಿದ್ದವರು ನಕ್ಕರು. ಹಳೆಯ ಗೆಳೆಯ ದ್ರುಪದನ ಬಳಿ ಹೋದರೆ, ಸ್ನೇಹವೇನಿದ್ದರೂ ಸಮಾನರ ನಡುವೆ ಎಂದು ಅವನು ಅಟ್ಟಿದ. ಇಲ್ಲಿಯವರೆಗೆ ನಾನು ದ್ರೋಣನ ಪಕ್ಷ. ಆಮೇಲೆ ಶಿಷ್ಯರಿಂದ ದ್ರುಪದನನ್ನು ಸೆರೆಹಿಡಿಸಿ ಅರ್ಧ ರಾಜ್ಯ ಕಿತ್ತುಕೊಂಡದ್ದು ಸೇಡು ಎನ್ನೋಣ. ಏಕಲವ್ಯ ಏನು ಮಾಡಿದ್ದ? ಅವನ ಹೆಬ್ಬೆರಳು ಯಾವ ಸಾಲದ ಬಡ್ಡಿ? ಅತ್ತ ಸೋತ ದ್ರುಪದ, ದ್ರೋಣನನ್ನು ಕೊಲ್ಲುವ ಮಗನಿಗಾಗಿಯೇ ಯಜ್ಞ ಮಾಡಿದ. ಆ ಮಗ ಶಸ್ತ್ರ ಕೆಳಗಿಟ್ಟು ಕೂತ ಮುದುಕನ ತಲೆ ಕಡಿದ. ಹಿಟ್ಟಿನ ನೀರು ಕುಡಿದಿದ್ದ ಅಶ್ವತ್ಥಾಮ ನಡುರಾತ್ರಿ ಪಾಳೆಯಕ್ಕೆ ನುಗ್ಗಿ ಮಲಗಿದ್ದವರನ್ನು ಕೊಂದ. ಈ ಸಾಲಿನಲ್ಲಿ ನಿಂತ ಪ್ರತಿಯೊಬ್ಬನಿಗೂ ಒಂದು ಕಾರಣವಿತ್ತು.

ನನಗೂ ಇತ್ತು. ಹಾಸ್ಟೆಲ್ಲಿನ ಮೊದಲ ವರ್ಷ ಸೀನಿಯರುಗಳು ನನ್ನನ್ನು ಮೇಜಿನ ಮೇಲೆ ನಿಲ್ಲಿಸಿ, ಇಂಗ್ಲಿಷ್ ಪತ್ರಿಕೆ ಓದಿಸಿ ನಕ್ಕಿದ್ದರು. ಮರುವರ್ಷ ನನ್ನಂತೆಯೇ ಹಳ್ಳಿಯಿಂದ ಬಂದ ಹುಡುಗನೊಬ್ಬನನ್ನು ಅದೇ ಮೇಜು ಹತ್ತಿಸಿದೆ. ನಕ್ಕವರಿಗೆ ಎದುರು ನಿಲ್ಲುವ ಧೈರ್ಯ ನನಗಿರಲಿಲ್ಲ. ಈ ಹುಡುಗ ತಿರುಗಿ ಮಾತಾಡಲಾರ ಎಂಬುದು ಗೊತ್ತಿತ್ತು. ಕ್ರೌರ್ಯದ ಪಾಠ ಹೇಳಿಕೊಟ್ಟದ್ದು ಅವಮಾನವೇ, ನಿಜ. ಆ ಪಾಠವನ್ನು ಯಾರ ಮೇಲೆ ಒಪ್ಪಿಸಬೇಕೆಂದು ಆರಿಸಿದವನು ಮಾತ್ರ ನಾನು.

ಅವಮಾನ ಉಂಡವರೆಲ್ಲ ಕ್ರೂರಿಗಳಾಗಲೇಬೇಕಿದ್ದರೆ ಅಂಬೇಡ್ಕರ್ ಏನಾಗಬೇಕಿತ್ತು? ಶಾಲೆಯಲ್ಲಿ ಗೋಣಿಚೀಲದ ಮೇಲೆ ಕೂತು, ಜವಾನ ಮೇಲಿಂದ ಹೊಯ್ಯದಿದ್ದರೆ ನೀರೂ ಸಿಗದೆ ಬೆಳೆದವರು ಅವರು. 1927ರಲ್ಲಿ ಮಹಾಡ್‌ನಲ್ಲಿ ಸುಟ್ಟದ್ದು ಮನುಸ್ಮೃತಿಯನ್ನು, ಯಾರ ಮನೆಯನ್ನೂ ಅಲ್ಲ. ಅವರ ಸಿಟ್ಟು ಕೆಳಗಿನವರ ಮೇಲೆ ಇಳಿಯಲಿಲ್ಲ, ಮೇಲಿನ ವ್ಯವಸ್ಥೆಯ ಮೇಲೆ ಏರಿತು.

ನಗುವವರನ್ನು ಸುಮ್ಮನೆ ಬಿಡಿ ಎನ್ನುತ್ತಿಲ್ಲ. ತರಗತಿಯಲ್ಲಿ ತಡವರಿಸುವ ಹುಡುಗಿಯನ್ನು ನೋಡಿ ನಗುವ ಮೇಷ್ಟರೂ ಹಿಟ್ಟು ಕಲಸುತ್ತಲೇ ಇದ್ದಾರೆ. ಮೊದಲು ತಡೆಯಬೇಕಾದದ್ದು ಅವರನ್ನು. ಆದರೆ ಲೋಟ ನಮ್ಮ ಕೈಗೆ ಬಂದಾಗ ಅದನ್ನು ಪಕ್ಕದವನಿಗೆ ದಾಟಿಸದೆ ಚೆಲ್ಲುವುದೂ ಸಾಧ್ಯ. ನಾನು ಚೆಲ್ಲಲಿಲ್ಲ.

ಆ ಹುಡುಗ ಎರಡನೇ ಸೆಮಿಸ್ಟರಿಗೆ ಬರಲಿಲ್ಲ. ಯಾಕೆಂದು ಕೇಳಲು ನಾನು ಹೋಗಲೂ ಇಲ್ಲ.