‘ಯಾರಿದ್ದೀರಿ?’ ಎಂದು ಕೂಗುವ ವೈಫೈ

ಕಳೆದ ತಿಂಗಳು ನಮ್ಮ ಪಿ.ಜಿ.ಯಲ್ಲಿ ಕ್ರಿಕೆಟ್ ನೋಡೋಣವೆಂದು ಮೊಬೈಲ್‌ನಲ್ಲಿ ‘ಕಾಸ್ಟ್’ ಗುಂಡಿ ಒತ್ತಿದೆ. ನಮ್ಮ ಟಿವಿಯ ಹೆಸರು ಕಾಣಲೇ ಇಲ್ಲ. ಪಟ್ಟಿಯಲ್ಲಿದ್ದ ಇನ್ನೊಂದನ್ನು ಒತ್ತಿದೆ. ಮೇಲಿನ ಮಹಡಿಯಿಂದ ‘ಯಾರೋ ಅದು?’ ಎಂಬ ಕೂಗು! ಅವರ ಸಿನಿಮಾ ನಿಂತು ನಮ್ಮ ಮ್ಯಾಚ್ ಶುರುವಾಗಿತ್ತು. ಎಲ್ಲರೂ ನಕ್ಕೆವು. ಆಮೇಲೆ ಯೋಚನೆ ಬಂತು: ನನಗೆ ಅಷ್ಟು ಸುಲಭವಾದದ್ದು ಬೇರೆಯವರಿಗೂ ಸುಲಭವಲ್ಲವೇ?

ಮೊಬೈಲ್ ಟಿವಿಯನ್ನು ಹುಡುಕುವ ರೀತಿ ಬಹಳ ಸರಳ. ‘ಇಲ್ಲಿ ಯಾರಿದ್ದೀರಿ?’ ಎಂದು ಅದು ವೈಫೈನಲ್ಲಿರುವ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಟಿವಿ, ಪ್ರಿಂಟರ್, ಸ್ಪೀಕರ್‌ಗಳು ತಮ್ಮ ಹೆಸರು, ವಿಳಾಸ ಹೇಳಿ ಓಗೊಡುತ್ತವೆ. ಎಸ್‌ಎಸ್‌ಡಿಪಿ, ಎಂಡಿಎನ್‌ಎಸ್ ಎಂಬ ನಿಯಮಾವಳಿಗಳ ಕೆಲಸವಿದು. ಕೂಗಿದವರು ಯಾರೆಂದು ಅವು ವಿಚಾರಿಸುವುದಿಲ್ಲ. ಮನೆಯೊಳಗಿರುವವರೆಲ್ಲ ಮನೆಯವರೇ ಎಂಬ ನಂಬಿಕೆ! ಒಂದೇ ವೈಫೈಯನ್ನು ಇಪ್ಪತ್ತು ಮಂದಿ ಹಂಚಿಕೊಳ್ಳುವ ಪಿ.ಜಿ.ಗೆ ಈ ನಂಬಿಕೆ ಹೊಂದುತ್ತದೆಯೇ?

ಈ ಕೂಗು ಮನೆಯಾಚೆಗೂ ಕೇಳಿಸಿದ ಉದಾಹರಣೆಗಳಿವೆ. 2013ರಲ್ಲಿ ರ‍್ಯಾಪಿಡ್7 ಸಂಸ್ಥೆ ಇಂಟರ್ನೆಟ್ ಜಾಲಾಡಿದಾಗ, ಮನೆಯೊಳಗಷ್ಟೇ ಸಿಗಬೇಕಿದ್ದ ಉತ್ತರ 8 ಕೋಟಿಗೂ ಹೆಚ್ಚು ಐಪಿ ವಿಳಾಸಗಳಿಂದ ಹೊರಗಿನವರಿಗೂ ಸಿಕ್ಕಿತ್ತು. 2019ರ ಜನವರಿಯಲ್ಲಿ ಹ್ಯಾಕರ್‌ಗಳು ಸಾವಿರಾರು ಕ್ರೋಮ್‌ಕಾಸ್ಟ್‌ಗಳಿಗೆ ನುಗ್ಗಿ ಟಿವಿಗಳಲ್ಲಿ ತಮ್ಮ ಸಂದೇಶ ಓಡಿಸಿದರು. ಸಾಧನ ಕೇಳಿದ ಕೂಡಲೇ ಹೊರಬಾಗಿಲು ತೆರೆದುಕೊಡುವ ರೂಟರ್‌ನ ‘ಯುಪಿಎನ್‌ಪಿ’ ಸೌಲಭ್ಯವೇ ಅಲ್ಲಿ ದಾರಿಯಾಗಿತ್ತು.

ತಮಾಷೆಯೆಂದರೆ, ಇಷ್ಟು ಸಲೀಸಾಗಿ ಓಗೊಡುವ ಸಾಧನ ನಮಗೆ ಬೇಕಾದಾಗ ಸಿಗುವುದಿಲ್ಲ. ವೈಫೈನಲ್ಲಿ ಎಲ್ಲರಿಗೂ ಒಟ್ಟಿಗೆ ಕಳಿಸಿದ ಸಂದೇಶ ತಲುಪಿತೇ ಎಂಬ ಖಾತರಿ ಇರುವುದಿಲ್ಲ. ದಾರಿಯಲ್ಲಿ ಕಳೆದರೂ ಗೊತ್ತಾಗದು. ಇನ್ನು ಕೆಲವೊಮ್ಮೆ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ರೂಟರ್ರೇ ತಡೆದಿರುತ್ತದೆ. ಅದು ದೋಷವಲ್ಲ, ಕಾವಲು. ನಾವೋ ಟಿವಿ ಸಿಗಲಿಲ್ಲವೆಂದು ಸಿಟ್ಟಾಗಿ, ಯಾವುದೋ ವಿಡಿಯೊ ನೋಡಿ, ಆ ತಡೆಯನ್ನೂ ತೆಗೆದುಹಾಕುತ್ತೇವೆ. ಬೀಗ ಗಟ್ಟಿಯಾಗಿದೆ ಎಂದು ಬಾಗಿಲನ್ನೇ ಕಿತ್ತಿಟ್ಟಂತೆ!

2020ರಲ್ಲಿ ಬಂದ ಐಒಎಸ್ 14ರಿಂದ ಐಫೋನ್‌ನಲ್ಲಿ ಆ್ಯಪ್‌ಗಳು ಮನೆಯ ಜಾಲದಲ್ಲಿ ಹುಡುಕಾಡಲು ನಮ್ಮ ಅನುಮತಿ ಕೇಳಬೇಕು. ಆದರೆ ಓದದೆಯೇ ‘ಅಲೋ’ ಒತ್ತುವ ಚಾಳಿ ನಮ್ಮದು. ಟಾರ್ಚ್ ಆ್ಯಪ್‌ಗೆ ನಮ್ಮ ಪ್ರಿಂಟರ್ ಯಾಕೆ ಬೇಕು ಎಂದು ಒಂದು ಕ್ಷಣ ಕೇಳಿಕೊಂಡರೆ ಸಾಕು.

ಮಾಡಬೇಕಾದ್ದು ಹೆಚ್ಚಿಲ್ಲ. ಬೇಡವಾದರೆ ರೂಟರ್‌ನ ಯುಪಿಎನ್‌ಪಿ ಆರಿಸಿ. ಬಂದುಹೋಗುವವರಿಗೆ ‘ಗೆಸ್ಟ್’ ವೈಫೈ ಕೊಡಿ. ಅಪ್‌ಡೇಟ್ ಮುಂದೂಡಬೇಡಿ. ಮನೆಯಲ್ಲಿ ರೂಟರ್ ಸೆಟ್ಟಿಂಗ್ ತೆರೆಯಲು ಬರುವುದು ಹೆಚ್ಚಾಗಿ ನಮ್ಮ ವಯಸ್ಸಿನವರಿಗೇ. ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ, ಅಮ್ಮನಿಗಾಗಿ ಹತ್ತು ನಿಮಿಷ ಅದಕ್ಕೂ ಇರಲಿ.