ಒಡೆಯರಪಾಳ್ಯದ ಉಪ್ಪು ಚಹಾ

ತಿಂಗಳಿಗೊಮ್ಮೆ, ಬಹುಮಟ್ಟಿಗೆ ಸೋಮವಾರದಂದು, ಹನೂರು ಕಡೆಯ ಬಸ್ಸಿನಿಂದಿಳಿದು ವೃದ್ಧ ದಂಪತಿಗಳಿಬ್ಬರು ಕೊಳ್ಳೇಗಾಲದ ನನ್ನ ಚಿಕಿತ್ಸಾಲಯಕ್ಕೆ ಬರುತ್ತಾರೆ. ಆತನಿಗೆ 75 ವರ್ಷ, ಆಕೆಗೆ 72. ಆಕೆ ಪಾದದವರೆಗೆ ಇಳಿಬಿದ್ದ ಕಪ್ಪು ಚುಬಾ ತೊಟ್ಟು, ಅದರ ಮೇಲೆ ಮದುವೆಯಾದ ಟಿಬೆಟನ್ ಹೆಂಗಸರು ಕಟ್ಟಿಕೊಳ್ಳುವ ಬಣ್ಣದ ಪಟ್ಟೆಗಳ ಬಟ್ಟೆಯನ್ನು ಸೊಂಟಕ್ಕೆ ಕಟ್ಟಿರುತ್ತಾರೆ. ಬೆಂಚಿನ ಮೇಲೆ ಕೂತ ಉಳಿದ ರೋಗಿಗಳು ಮೊದಮೊದಲು ಅವರನ್ನು ದಿಟ್ಟಿಸಿ ನೋಡುತ್ತಿದ್ದರು. ಈಗ “ಏನ್ ತಾತ, ಜೋಳಕ್ಕೆ ಆನೆ ಬಂದಿತ್ತಾ?” ಎಂದು ವಿಚಾರಿಸುತ್ತಾರೆ. ಆತ ನಮ್ಮ ಸೀಮೆಯ ಕನ್ನಡದಲ್ಲೇ “ಬಂದಿತ್ತು ಕಣಪ್ಪ, ಅರ್ಧ ಹೊಲ ತಿಂದೋಯ್ತು” ಎನ್ನುತ್ತಾರೆ.

ಕೊಳ್ಳೇಗಾಲ, ಹನೂರು, ಯಳಂದೂರಿನ ಓದುಗರಿಗೆ ಒಡೆಯರಪಾಳ್ಯದ ಟಿಬೆಟ್ ಕ್ಯಾಂಪ್ ಹೊಸತೇನಲ್ಲ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಅವರ ಹಿಂದೆ ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ ಮೊದಲು ಬೈಲುಕುಪ್ಪೆಯಲ್ಲಿ ಭೂಮಿ ಕೊಟ್ಟಿತು. ಆಮೇಲೆ ಮುಂಡಗೋಡ, ಹುಣಸೂರು ಬಳಿಯ ಗುರುಪುರ. ಒಡೆಯರಪಾಳ್ಯದ ವಸತಿ ಆರಂಭವಾದದ್ದು 1974ರಲ್ಲಿ. ಅವರು ಅದನ್ನು ಕರೆಯುವುದು ದೊಂಡೆನ್‌ಲಿಂಗ್ ಎಂದು. ನಮ್ಮ ದಂಪತಿಗಳು ಟಿಬೆಟ್ ಬಿಟ್ಟಾಗ ಚಿಕ್ಕ ಮಕ್ಕಳು. ಅಪ್ಪ ಅಮ್ಮಂದಿರ ಜೊತೆ ಹಿಮಾಲಯದ ರಸ್ತೆ ಕೆಲಸದ ಶಿಬಿರಗಳಲ್ಲಿ ಬೆಳೆದು, ಇಲ್ಲಿಗೆ ಬಂದಾಗ ಆತನಿಗೆ ಇಪ್ಪತ್ತನಾಲ್ಕು. ಅಂದರೆ ಅವರ ಬದುಕಿನ ಮೂರರಲ್ಲಿ ಎರಡು ಪಾಲು ಕಳೆದದ್ದು ಈ ಕಾಡಿನಂಚಿನ ಮುಸುಕಿನ ಜೋಳದ ಹೊಲದಲ್ಲಿ. ರಜೆಯಲ್ಲಿ ಹೋಗಿ ಬೌದ್ಧ ಮಂದಿರ ನೋಡಿ, ಮೊಮೊ ತಿಂದು, ಫೋಟೋ ತೆಗೆಸಿಕೊಂಡು ಬರುವ ನಾವು ಅವರ ಮನೆಯೊಳಗಿನ ದಿನಚರಿಯನ್ನು ಕೇಳುವುದಿಲ್ಲ. ನಾನೂ ಬಹಳ ದಿನ ಕೇಳಿರಲಿಲ್ಲ. ಅದರಿಂದಾದ ತಪ್ಪನ್ನು ಹೇಳಲೆಂದೇ ಈ ವಾರದ ಅಂಕಣ.

ಅಜ್ಜಿಗೆ ರಕ್ತದೊತ್ತಡ 170/100 ಇತ್ತು. ಅಂಥವರಿಗೆ ಹೇಳುವುದನ್ನೇ ನಾನೂ ಹೇಳಿದೆ. “ಉಪ್ಪು ಕಡಿಮೆ ಮಾಡಿ. ಆ ಉಪ್ಪು ಹಾಕಿದ ಬೆಣ್ಣೆ ಟೀ ಕುಡಿಯುತ್ತೀರಲ್ಲ, ಅದನ್ನು ಪೂರ್ತಿ ಬಿಟ್ಟುಬಿಡಿ.” ಇಬ್ಬರೂ ತಲೆ ಆಡಿಸಿದರು. ಮುಂದಿನ ತಿಂಗಳು ಒತ್ತಡ ಇಳಿದಿರಲಿಲ್ಲ. “ಟೀ ಬಿಟ್ಟಿದ್ದೀರಾ?” “ಬಿಟ್ಟಿದ್ದೀನಿ ಡಾಕ್ಟ್ರೇ.” ಮಾತ್ರೆಯ ಪ್ರಮಾಣ ಹೆಚ್ಚಿಸಿದೆ. ಅದರ ಮುಂದಿನ ತಿಂಗಳು ಇನ್ನೊಂದು ಮಾತ್ರೆ ಸೇರಿಸಿದೆ. ಹೀಗೆ ಆರು ತಿಂಗಳು ನಡೆಯಿತು.

ಒಂದು ಬೆಳಿಗ್ಗೆ ಬಟ್ಟಲು ಹಿಡಿದ ಅಜ್ಜಿಯ ಎಡಗೈ ಸಡಿಲವಾಯಿತು, ಮಾತು ತೊದಲಿತು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಸರಿಹೋಯಿತು. ಸರಿಹೋಯಿತಲ್ಲ ಎಂದು ಇಬ್ಬರೂ ಸುಮ್ಮನಾದರು. ನನ್ನ ಬಳಿಗೆ ಬಂದದ್ದು ಮೂರನೆಯ ದಿನ. ಓದುಗರೇ, ಇದನ್ನು ದಯವಿಟ್ಟು ನೆನಪಿಡಿ: ಹೀಗೆ ಬಂದು ತಾನಾಗಿ ಹೋಗುವ ದೌರ್ಬಲ್ಯ ಪಾರ್ಶ್ವವಾಯುವಿನ ಮುನ್ಸೂಚನೆ. ಪೂರ್ಣ ಪ್ರಮಾಣದ ಹೊಡೆತ ಬೀಳುವ ಅಪಾಯ ಅತಿ ಹೆಚ್ಚಾಗಿರುವುದು ಅದರ ನಂತರದ ಎರಡು ದಿನಗಳಲ್ಲೇ. ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಸರಿಹೋಗಲಿ ಬಿಡಲಿ, ಅದೇ ಗಳಿಗೆಯಲ್ಲಿ 108ಕ್ಕೆ ಫೋನ್ ಮಾಡಬೇಕು. ಮಿದುಳಿನಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಒಡೆಯರಪಾಳ್ಯದಂಥ ಊರಿನಿಂದ ಹೊರಟರೆ ಆ ಹೊತ್ತಿನ ಬಹುಪಾಲು ದಾರಿಯಲ್ಲೇ ಕಳೆದುಹೋಗುತ್ತದೆ. ಮನೆಯಲ್ಲಿ ಯೋಚಿಸುತ್ತ ಕೂರಲು ಸಮಯವೇ ಉಳಿಯುವುದಿಲ್ಲ.

ಆ ದಿನ ಅಜ್ಜಿ ನಿಜ ಹೇಳಿದರು. “ನೀವು ಬಿಡಿ ಅಂದ್ರಿ, ಬಿಟ್ಟೆ ಅಂದೆ. ಬಿಟ್ಟಿಲ್ಲ. ಅದು ಬಿಟ್ರೆ ಬೆಳಿಗ್ಗೆ ಎದ್ದು ಏನ್ ಮಾಡಲಿ?”

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಗ ಮೊದಲ ಬಾರಿಗೆ ಅವರ ದಿನಚರಿ ಕೇಳಿದೆ. ಬೆಳಿಗ್ಗೆ ಐದಕ್ಕೆ ಏಳುತ್ತಾರೆ. ದೇವರ ಮುಂದೆ ಬಟ್ಟಲುಗಳಲ್ಲಿ ನೀರಿಟ್ಟು, ದೀಪ ಹಚ್ಚಿ, ಮೊದಲ ಚಹಾ ಕಾಯಿಸುತ್ತಾರೆ. ಇಟ್ಟಿಗೆಯಂತೆ ಅಚ್ಚು ಹಾಕಿದ ಚಹಾ ಸೊಪ್ಪನ್ನು ಬಹಳ ಹೊತ್ತು ಕುದಿಸಿ, ಉಪ್ಪು, ಬೆಣ್ಣೆ, ಹಾಲು ಸೇರಿಸಿ ಕಡೆಯಬೇಕು. ಹಿಂದೆ ಉದ್ದನೆಯ ಮರದ ಕೊಳವೆಯಲ್ಲಿ ಕಡೆಯುತ್ತಿದ್ದರು, ಈಗ ಮಿಕ್ಸಿ ಬಂದಿದೆ. ಆ ಚಹಾದಲ್ಲೇ ಹುರಿದ ಬಾರ್ಲಿ ಹಿಟ್ಟನ್ನು ಕಲಸಿ ಮುದ್ದೆ ಮಾಡಿ ತಿನ್ನುತ್ತಾರೆ. ನಂತರ ಜಪಮಣಿ ಹಿಡಿದು ಮಂದಿರದ ಸುತ್ತ ಒಂದು ಗಂಟೆ ಪ್ರದಕ್ಷಿಣೆ. ಮಧ್ಯಾಹ್ನ ಅನ್ನ, ರಾತ್ರಿ ತುಕ್ಪಾ ಎಂಬ ಶ್ಯಾವಿಗೆಯ ಸಾರು. ಈ ನಡುವೆ ಯಾರು ಬಂದರೂ ಚಹಾ. ಬಂದವರ ಬಟ್ಟಲು ಬರಿದಾಗಿ ಇರಬಾರದು, ಎರಡು ಗುಟುಕು ಕುಡಿದರೆ ಮತ್ತೆ ತುಂಬಿಸಬೇಕು. ಹೊಲ ಗೇಣಿಗೆ ಕೊಟ್ಟಾಗಿದೆ. ಮಗಳು ಕೆನಡಾದ ಟೊರಾಂಟೋದಲ್ಲಿ, ಮಗ ಬೆಂಗಳೂರಿನಲ್ಲಿ. ರಾತ್ರಿ ಮಗಳು ವಿಡಿಯೋ ಕರೆ ಮಾಡುವವರೆಗೆ ಮನೆಯಲ್ಲಿ ಮಾತಿಗೆ ನೆಪವಾಗುವುದೇ ಆ ಚಹಾ. ಅದನ್ನು ಒಂದು ಮಾತಿನಲ್ಲಿ ಬಿಡಿ ಎಂದಿದ್ದೆ ನಾನು!

ಸರಿ, ಲೆಕ್ಕ ಹಾಕೋಣ ಎಂದೆ. ಒಂದು ಪಾತ್ರೆ ಚಹಾಕ್ಕೆ ಅಜ್ಜಿ ಹಾಕುತ್ತಿದ್ದುದು ಒಂದು ಚಹಾ ಚಮಚ ಉಪ್ಪು, ಅಂದರೆ ಹೆಚ್ಚು ಕಡಿಮೆ 5 ಗ್ರಾಂ. ದಿನಕ್ಕೆ ಎರಡು ಪಾತ್ರೆ, ಕುಡಿಯುವವರು ಇಬ್ಬರು. ತಲಾ 5 ಗ್ರಾಂ ಆಯಿತು. ಒಬ್ಬ ವಯಸ್ಕನಿಗೆ ಇಡೀ ದಿನಕ್ಕೆ ಎಲ್ಲ ಆಹಾರದಿಂದ ಸೇರಿ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರ ಪಾಲು ಚಹಾದಲ್ಲೇ ಮುಗಿದಿತ್ತು. ತುಕ್ಪಾ, ಪಲ್ಯ, ಉಪ್ಪಿನಕಾಯಿ ಎಲ್ಲವೂ ಮೇಲಿನ ಬಾಬತ್ತು.

“ಚಳಿ ದೇಶದ ಊಟ ಈ ಸೆಕೆಯ ಸೀಮೆಗೆ ಒಗ್ಗುವುದಿಲ್ಲ, ಅಲ್ಲಿ ಆಗಿದ್ದರೆ ಏನೂ ಆಗುತ್ತಿರಲಿಲ್ಲ” ಎನ್ನುವವರಿದ್ದಾರೆ. ಅವರಲ್ಲಿ ವೈದ್ಯರೂ ಉಂಟು. ಇದು ತಪ್ಪು. ಟಿಬೆಟ್‌ನಲ್ಲೇ ನಡೆದಿರುವ ಸಮೀಕ್ಷೆಗಳಲ್ಲೂ ರಕ್ತದೊತ್ತಡ ಬಹಳ ಜನರಲ್ಲಿ ಕಂಡುಬಂದಿದೆ. ಎತ್ತರದ ನಾಡಿನ ತೆಳು ಗಾಳಿಯಲ್ಲಿ ಬದುಕಲು ನೆರವಾಗುವ ವಿಶೇಷ ವಂಶವಾಹಿ ಟಿಬೆಟನ್ನರಲ್ಲಿದೆ ಎಂದು 2010ರಲ್ಲಿ ವಿಜ್ಞಾನಿಗಳು ತೋರಿಸಿದರು. ಆ ವಂಶವಾಹಿಗೂ ಉಪ್ಪಿಗೂ ಸಂಬಂಧವಿಲ್ಲ. ಉಪ್ಪು ಲಾಸಾದಲ್ಲೂ ಉಪ್ಪೇ, ಹನೂರಿನಲ್ಲೂ ಉಪ್ಪೇ.

ಉಪ್ಪು ಚಹಾ ಎಂದು ಮೂಗು ಮುರಿಯುವ ಮೊದಲು ನಿಮ್ಮ ಅಡಿಗೆಮನೆಯನ್ನೂ ಒಮ್ಮೆ ನೋಡಿಕೊಳ್ಳಿ. ಉಪ್ಪೆಸರು, ಅದರ ಖಾರ, ಒಣಮೀನು, ಸಂಡಿಗೆ, ಬಾಳಕದ ಮೆಣಸಿನಕಾಯಿ, ಮಜ್ಜಿಗೆಗೆ ಮತ್ತೊಂದು ಚಿಟಿಕೆ. ಯಳಂದೂರಿನ ಅಜ್ಜಿಗೂ ಇದೇ ಮಾತು ಹೇಳಿ ನೋಡಿ, “ಉಪ್ಪಿಲ್ಲದ್ದು ರೋಗಿಷ್ಟರ ಊಟ” ಎನ್ನುತ್ತಾರೆ. ಆಕೆಯೂ ಹೂಂ ಎಂದು ಮನೆಗೆ ಹೋಗಿ ಮೊದಲಿನಂತೆಯೇ ಉಣ್ಣುತ್ತಾರೆ.

ಆದ್ದರಿಂದ ನಾನೀಗ ಯಾರಿಗೂ ಬಿಡಿ ಎನ್ನುವುದಿಲ್ಲ. ಅಜ್ಜಿಗೆ ಹೇಳಿದ್ದು ಇಷ್ಟೇ: ಕೈಯಳತೆಯಲ್ಲಿ ಹಾಕಬೇಡಿ, ಚಮಚದಲ್ಲಿ ಅಳೆಯಿರಿ. ಮೊದಲ ಎರಡು ವಾರ ಮುಕ್ಕಾಲು ಚಮಚ, ಆಮೇಲೆ ಅರ್ಧ, ಆಮೇಲೆ ಕಾಲು. ನಾಲಿಗೆಗೆ ಕಡಿಮೆ ಉಪ್ಪು ಒಗ್ಗಲು ಕೆಲವು ವಾರಗಳು ಬೇಕು, ಆದರೆ ಒಗ್ಗುತ್ತದೆ. ಬಟ್ಟಲು ಚಿಕ್ಕದಿರಲಿ, ಬೆಣ್ಣೆಯೂ ಅರ್ಧವಾಗಲಿ. ಬಾರ್ಲಿ ಹಿಟ್ಟನ್ನು ಮಾತ್ರ ಬಿಡಬೇಡಿ ಎಂದೆ. ಅದು ನಾರಿನಂಶವಿರುವ ಒಳ್ಳೆಯ ಆಹಾರ, ನಮ್ಮ ರಾಗಿಯ ದಾಯಾದಿ ಎನ್ನಬಹುದು. ಕ್ಯಾಂಪಿನ ಮನೆಗಳಲ್ಲಿ ಈಗ ಅದರ ಜಾಗವನ್ನು ಮೈದಾದ ಬ್ರೆಡ್ಡು, ಅನ್ನ ಆಕ್ರಮಿಸುತ್ತಿವೆ. ನಮ್ಮಲ್ಲಿ ಮುದ್ದೆಯ ಗತಿ ಏನಾಯಿತೋ ಅದೇ. ಸೋಡಿಯಂ ಕಡಿಮೆ ಇರುವ ಉಪ್ಪು ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಅದರಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆ ಇರುವವರು, ಕೆಲವು ಬಗೆಯ ರಕ್ತದೊತ್ತಡದ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಬಳಸಬಾರದು.

ತಮ್ಮ ಅಮ್ಚಿ, ಅಂದರೆ ಟಿಬೆಟನ್ ವೈದ್ಯರು ಕೊಟ್ಟ ಕಂದು ಗುಳಿಗೆಗಳನ್ನೂ ಅಜ್ಜಿ ಸೇವಿಸುತ್ತಿದ್ದರು. ನಾನು ಬೈಯುತ್ತೇನೆಂದು ಬಚ್ಚಿಟ್ಟಿದ್ದರು. ಆ ವೈದ್ಯಪದ್ಧತಿಗೆ 2010ರಿಂದ ಕೇಂದ್ರ ಸರ್ಕಾರದ ಮಾನ್ಯತೆ ಇದೆ. ಬೈಯುವ ಮಾತೇ ಇಲ್ಲ. ಆದರೆ ಇಬ್ಬರು ವೈದ್ಯರಿಗೂ ಇಬ್ಬರ ಔಷಧಿಯೂ ತಿಳಿದಿರಬೇಕು, ಒಂದು ಶುರುವಾಯಿತೆಂದು ಇನ್ನೊಂದನ್ನು ನಿಲ್ಲಿಸಬಾರದು.

ಇಲ್ಲಿಯವರೆಗೆ ಹೇಳಿದ್ದು ಒಂದು ಮನೆಯ ಮಾತು. ನನ್ನ ತಕರಾರು ಅದಕ್ಕಿಂತ ದೊಡ್ಡದು. ಒಡೆಯರಪಾಳ್ಯದ 22 ಪುಟ್ಟ ಹಳ್ಳಿಗಳನ್ನು ನಮ್ಮ ಆರೋಗ್ಯ ವ್ಯವಸ್ಥೆ ಇಂದಿಗೂ ಅತಿಥಿಗಳ ಊರೆಂದೇ ನೋಡುತ್ತದೆ. ಅವರಿಗೆ ಅವರದೇ ಆಡಳಿತವಿದೆ, ಅವರೇ ನೋಡಿಕೊಳ್ಳಲಿ ಎಂಬ ಭಾವನೆ. ಐವತ್ತು ವರ್ಷ ಕಳೆದ ಮೇಲೆ ಯಾರು ಅತಿಥಿ? ಕ್ಷಯರೋಗಕ್ಕಂತೂ ಈ ಭೇದ ಗೊತ್ತಿಲ್ಲ. ಭಾರತದ ಟಿಬೆಟನ್ನರಲ್ಲಿ ಕ್ಷಯ ಬಹಳ ಹೆಚ್ಚು. ಉತ್ತರ ಭಾರತದಲ್ಲಿ ಧರ್ಮಶಾಲೆಯ ಡೆಲೆಕ್ ಆಸ್ಪತ್ರೆಯವರು 2017ರಿಂದ ಟಿಬೆಟನ್ ಶಾಲೆಗಳ ಮಕ್ಕಳನ್ನು ತಪಾಸಣೆ ಮಾಡಿ, ಸೋಂಕಿದ್ದವರಿಗೆ ರೋಗ ಬರುವ ಮೊದಲೇ ಮಾತ್ರೆ ಕೊಡುವ ಕೆಲಸ ಮಾಡಿದ್ದಾರೆ. ನಮ್ಮಲ್ಲಿ ಇನ್ನೊಂದು ತೊಡಕಿದೆ. ಸುಗ್ಗಿ ಮುಗಿಯುವ ಹೊತ್ತಿಗೆ ಅನೇಕ ಕುಟುಂಬಗಳು ಸ್ವೆಟರ್ ಮಾರಲು ದೂರದ ನಗರಗಳಿಗೆ ಹೋಗುತ್ತವೆ. ಕ್ಷಯಕ್ಕೆ ಕನಿಷ್ಠ ಆರು ತಿಂಗಳು ಬಿಡದೆ ಔಷಧಿ ಬೇಕು. ಮೂರು ತಿಂಗಳಿಗೆ ಕೆಮ್ಮು ನಿಂತಿತೆಂದು, ಪ್ರಯಾಣದಲ್ಲಿ ಮಾತ್ರೆ ಮುಗಿಯಿತೆಂದು ನಿಲ್ಲಿಸಿದರೆ ಔಷಧಿಗೆ ಬಗ್ಗದ ಕ್ಷಯ ಎದ್ದುಬರುತ್ತದೆ. ಸರ್ಕಾರದ ನಿಕ್ಷಯ್ ದಾಖಲೆ ಇದ್ದರೆ ದೇಶದ ಯಾವ ಸರ್ಕಾರಿ ಕೇಂದ್ರದಲ್ಲಿಯಾದರೂ ಚಿಕಿತ್ಸೆ ಮುಂದುವರಿಸಬಹುದು. ಇದನ್ನು ಹೊರಡುವ ಮುಂಚೆ ಯಾರಾದರೂ ಅವರ ಮನೆಗೆ ಹೋಗಿ ಹೇಳಬೇಕಷ್ಟೆ.

ಮನೆಗೆ ಹೋಗಿ ಹೇಳುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಡಾ. ಎಚ್. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ 1981ರಿಂದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಹಾಡಿ ಹಾಡಿಗೆ ನಡೆದುಹೋಗಿದೆ. ಸೋಲಿಗರ ಹೆಣ್ಣುಮಕ್ಕಳಿಗೇ ದಾದಿಯರ ತರಬೇತಿ ಕೊಟ್ಟಿದೆ. ಯಳಂದೂರಿನಲ್ಲಿ ಕುಷ್ಠರೋಗದ ವಿರುದ್ಧ 1986ರಲ್ಲಿ ಹುಟ್ಟಿದ ಕರುಣಾ ಟ್ರಸ್ಟ್ ಆ ರೋಗವನ್ನು ಹಿಮ್ಮೆಟ್ಟಿಸಿತು. ಅಲ್ಲಿ ಕೆಲಸ ಮಾಡಿದ್ದು ಮಾತ್ರೆಯಷ್ಟೇ ಅಲ್ಲ, ಆ ಮಾತ್ರೆಯನ್ನು ಅವರ ಮಾತಿನಲ್ಲಿ, ಅವರ ಜಗಲಿಯಲ್ಲಿ ಕೂತು ಕೊಟ್ಟ ಮನುಷ್ಯರು. 2024ರಲ್ಲಿ ಕೋಲಾರದಿಂದ ಆರಂಭವಾದ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯ ಉದ್ದೇಶವೂ ಮನೆಬಾಗಿಲಿಗೆ ಹೋಗಿ ಒತ್ತಡ, ಸಕ್ಕರೆ ಪರೀಕ್ಷಿಸುವುದೇ. ಆ ಚೀಲ ಹೊತ್ತವರ ಪಟ್ಟಿಯಲ್ಲಿ ಕ್ಯಾಂಪಿನ 22 ಹಳ್ಳಿಗಳೂ ಇರಬೇಕು, ಜೊತೆಯಲ್ಲಿ ಟಿಬೆಟನ್ ಭಾಷೆ ಬಲ್ಲವರೊಬ್ಬರು ಇರಬೇಕು.

ಸದ್ಯಕ್ಕೆ ಅಜ್ಜಿಗೆ ಆ ಕೆಲಸ ಮಾಡುತ್ತಿರುವುದು ಪಕ್ಕದ ಮನೆಯ ಹುಡುಗಿ. ಬೆಂಗಳೂರಿನಲ್ಲಿ ನರ್ಸಿಂಗ್ ಓದಿ ಬಂದವಳು. ವಾರಕ್ಕೆ ಎರಡು ಸಲ ಒತ್ತಡ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ. ಮಾತ್ರೆಯ ಪೊಟ್ಟಣದ ಮೇಲೆ ಟಿಬೆಟನ್ ಅಕ್ಷರದಲ್ಲಿ ಬೆಳಿಗ್ಗೆ, ರಾತ್ರಿ ಎಂದು ಬರೆದುಕೊಟ್ಟಿದ್ದಾಳೆ. ಕಳೆದ ಸೋಮವಾರ ನೋಟ್‌ಬುಕ್ ನೋಡಿದೆ: 138/84, 136/82, 140/84. ಉಪ್ಪು ಅರ್ಧ ಚಮಚಕ್ಕೆ ಇಳಿದಿದೆ. ಕಾಲಿಗೆ ಇಳಿಸಲು ತಾತ ಒಪ್ಪುತ್ತಿಲ್ಲ, “ಅದು ಟೀ ಅಲ್ಲ, ಪಾತ್ರೆ ತೊಳೆದ ನೀರು” ಎನ್ನುತ್ತಾರೆ. ಹೊರಡುವಾಗ ಅಜ್ಜಿ ಮೆಲ್ಲಗೆ ಇನ್ನೊಂದು ವಿಷಯ ತಿಳಿಸಿದರು. ಆ ಹುಡುಗಿಗೂ ಹೊರದೇಶದಲ್ಲಿ ಕೆಲಸ ಸಿಕ್ಕಿದೆಯಂತೆ, ಮಾರ್ಚಿಯಲ್ಲಿ ಹೊರಡುತ್ತಾಳಂತೆ. ಅಷ್ಟರೊಳಗೆ ಆ ಯಂತ್ರವನ್ನು ತಾತನಿಗೆ ಹೇಳಿಕೊಡಬೇಕು. ಮುಂದಿನ ಸೋಮವಾರ ಅದನ್ನೂ ಜೊತೆಗೆ ತನ್ನಿ ಎಂದಿದ್ದೇನೆ.